ಆಕ್ಲೆಂಡಿನಿಂದ ಹದಿಮೂರೂವರೆ ಗಂಟೆ

ನವೆಂಬರ್ ೯, ಭಾನುವಾರ
ಗುಬ್ಬಿ ಮನೆ. ಅಪ್ಪನ ಬಿ.ಪಿ. ಎರಡು ಬಾರಿ ನೋಡಿದೆ, ಇಳಿಯುತ್ತಿದೆ. ಎರಡು ಚಮಚ ಗಂಜಿ, ಅಷ್ಟೇ. ತಂಗಿ ರೂಪಶ್ರೀ ಆಕ್ಲೆಂಡಿನಿಂದ ವಿಡಿಯೋ ಕಾಲ್ ಮಾಡಿದ್ದಳು, ನರ್ಸ್ ಸಮವಸ್ತ್ರದಲ್ಲೇ. ಅವಳ ದನಿಗೆ ಮಾತ್ರ ಅಪ್ಪ ಕಣ್ಣು ತೆರೆದರು. ನಾಳೆ ತುಮಕೂರಿನಲ್ಲಿ ಕೆಲಸ – ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ರಿಲೇ ಉಪಕರಣಗಳ ಪರೀಕ್ಷೆ.

ನವೆಂಬರ್ ೧೧, ಮಂಗಳವಾರ, ಬೆಳಿಗ್ಗೆ
ನಸುಕಿನಲ್ಲಿ ಅಪ್ಪ ಹೋದರು.
ಫೋನಿನಲ್ಲಿ ರೂಪ ಅಳಲಿಲ್ಲ. "ನಾನು ಬರೋವರ್ಗೂ ಮಣ್ಣು ಹಾಕ್ಬೇಡ ಅಣ್ಣ," ಎಂದಳು. ಆಗಲಿ ಎಂದೆ.
ನಮ್ಮಲ್ಲಿ ಕೂರಿಸಿಯೇ ಸಮಾಧಿ. ಮೈ ಸೆಟೆಯುವ ಮೊದಲೇ ಕಾಲು ಮಡಿಸಿ, ಗೋಡೆಗೊರಗಿಸಿ ಕೂರಿಸಿದರು. ಕೂತವರನ್ನು ಫ್ರೀಜರ್ ಪೆಟ್ಟಿಗೆಯಲ್ಲಿ ಇಡಲಾಗದು. ಆದ್ದರಿಂದ ಸಂಜೆಯೊಳಗೆ ತೋಟದಲ್ಲಿ ಮುಗಿಸೋಣವೆಂದರು ಚಿಕ್ಕಪ್ಪ ವೀರಭದ್ರಯ್ಯ. ಹುಡುಗಿ ಬರಲು ಎಷ್ಟು ಹೊತ್ತು ಎಂದೂ ಕೇಳಿದರು. ಫೋನಿನಲ್ಲಿ ಹುಡುಕಿ ತೋರಿಸಿದೆ: ಆಕ್ಲೆಂಡ್–ಬೆಂಗಳೂರು, ಹನ್ನೊಂದೂವರೆ ಸಾವಿರ ಕಿಲೋಮೀಟರ್, ಹದಿಮೂರೂವರೆ ಗಂಟೆ. ನಮ್ಮ ಸಂಜೆ ನಾಲ್ಕಕ್ಕೆ ಹೊರಡುತ್ತಾಳೆ.
"ಹಂಗಾದ್ರೆ ನಾಳೆ ಹತ್ತಕ್ಕೆಲ್ಲ ಬಾಗ್ಲಲ್ಲಿರ್ತಾಳೆ. ಇಂಜಿನಿಯರ್ ಹೇಳಿದ್ಮೇಲೆ ಮುಗೀತು ಬುಡು."
ನಾಳೆ ಹನ್ನೊಂದಕ್ಕೆ ಎಂದು ನಿಶ್ಚಯವಾಯಿತು.

ಮಧ್ಯಾಹ್ನ
ಆ ಹದಿಮೂರೂವರೆ ಗಂಟೆ ಭೂಪಟದ ಮೇಲೆ ಎಳೆದ ಗೆರೆಯ ಲೆಕ್ಕ. ಆ ಗೆರೆಯ ಮೇಲೆ ಹಾರುವ ವಿಮಾನವೇ ಇಲ್ಲ. ಸಿಂಗಪುರದಲ್ಲಿ ಇಳಿದು ಏಳು ಗಂಟೆ ಕಾಯಬೇಕು. ಅವಳ ಟಿಕೆಟ್ ನನ್ನ ವಾಟ್ಸಾಪಿನಲ್ಲಿದೆ: ಗುಬ್ಬಿ ತಲುಪುವಾಗ ನಾಳೆ ಸಂಜೆ ಐದೂವರೆ ದಾಟುತ್ತದೆ.
ತಿಳಿದೇ ಹೇಳಿದೆ. ನಿಜ ಹೇಳಿದ್ದರೆ ಇಂದೇ...

ನವೆಂಬರ್ ೧೨, ಬುಧವಾರ, ೧೨.೪೦
ಹತ್ತಾಯಿತು, ಹನ್ನೊಂದಾಯಿತು. ವಿಮಾನ ತಡ ಎಂದೆ – ಎರಡನೆಯ ಸುಳ್ಳು. ನಮ್ಮ ಪ್ಯಾಸೆಂಜರ್ ರೈಲಾಗಿದ್ದರೂ ಇಷ್ಟೊತ್ತಿಗೆ ಬಂದಿರೋದು ಎಂದರು ಚಿಕ್ಕಪ್ಪ. ಬಿಸಿಲೇರಿದೆ. ಊದುಬತ್ತಿ ಸಾಲುತ್ತಿಲ್ಲ. ಅಪ್ಪನ ಮುಖದ ಬಣ್ಣ ಬದಲಾಗುತ್ತಿದೆ – ನನ್ನಿಂದ.
ಅಮ್ಮನನ್ನು ಹಿತ್ತಲಿಗೆ ಕರೆದೆ. ಬಾಯಿ ತೆರೆಯುವ ಮೊದಲೇ ಅವರೆಂದರು:
"ಗೊತ್ತು ಕಣಪ್ಪ. ಲೆಕ್ಕ ತಪ್ಪೋನಲ್ಲ ನೀನು. ಅದಕ್ಕೇ ನಾನು ಕೇಳ್ಲಿಲ್ಲ."

೩.೧೦
ಚಿಕ್ಕಪ್ಪನೊಂದಿಗೆ ಅಮ್ಮನೇ ಮಾತಾಡಿದರು. ಗುಂಡಿಗೆ ಇಳಿಸಿ, ವಿಭೂತಿ ಇಡಿ. ಮುಖ ಮಾತ್ರ ಮುಚ್ಚಬೇಡಿ. ಹೊತ್ತು ಮುಳುಗುವವರೆಗೆ ಎಂದು ಚಿಕ್ಕಪ್ಪ ಒಪ್ಪಿದರು. ಅನಂತರ ಒಂದು ಕ್ಷಣವೂ ಇಲ್ಲ. ರೂಪ ಟ್ಯಾಕ್ಸಿ ಹತ್ತಿದ್ದಾಳೆ.

೫.೪೫, ತೋಟ
ಫೋನಿನಲ್ಲೇ ಬರೆಯುತ್ತಿದ್ದೇನೆ. ಅವಳ ಲೊಕೇಶನ್ ನೋಡುತ್ತಿದ್ದೇನೆಂದು ಎಲ್ಲರ ಎಣಿಕೆ. ಅಪ್ಪನ ಎದೆಯವರೆಗೆ ವಿಭೂತಿ, ಬಿಲ್ವಪತ್ರೆ. ಬಿಸಿಲು ತೆಂಗಿನ ಗರಿಗಳ ತುದಿಗೆ ಏರಿದೆ. ಚಿಕ್ಕಪ್ಪನ ಮುಷ್ಟಿಯಲ್ಲಿ ಮಣ್ಣು. ಎಷ್ಟು ದೂರ ಎಂದರು. ಮಲ್ಲಸಂದ್ರ ದಾಟಿದ್ದಾಳೆ, ಐದು ನಿಮಿಷ ಎಂದೆ.
"ಗಡಿಯಾರದ ಐದೋ, ನಿನ್ನ ಐದೋ?"
ಮತ್ತೆ ಫೋನಿಗೆ ಬಗ್ಗಿದೆ.
ಚಿಕ್ಕಪ್ಪ ನನ್ನನ್ನೇ ನೋಡಿದರು. ಮುಷ್ಟಿ ಸಡಿಲಿಸಿದರು. ಪಡುವಣಕ್ಕೆ ಬೆನ್ನು ಮಾಡಿ, ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟರು. "ನಂಗಿನ್ನೂ ಹೊತ್ತು ಮುಳುಗಿಲ್ಲ ಕಣೋ."
ಈಗ ಕತ್ತಲು. ಬದುವಿನಾಚೆ ಕಾರಿನ ಬಾಗಿಲು –