ಅವನ ಗಾಡಿಯ ಕಾರ್ಬುರೇಟರ್

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗೂ,

ಹೇಗಿದ್ದೀಯಮ್ಮ? ಆಸ್ಪತ್ರೆಯಲ್ಲಿ ಇಡೀ ದಿನ ನಿಂತೇ ಇರುವ ಕೆಲಸ ನಿನ್ನದು. ಕಾಲುನೋವು ಕಡಿಮೆಯಾಯಿತೇ? ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮತ್ತೆಯ ಮಂಡಿ ಒಂದು ದಿನ ಮಾತು ಕೇಳುತ್ತದೆ, ಒಂದು ದಿನ ಇಲ್ಲ, ಥೇಟ್ ನನ್ನ ಹಾಗೆ.

ನಿನ್ನ ಗಂಡನ ಮೋಟರ್‌ಸೈಕಲ್ ರಿಪೇರಿಗೆ ಕೈ ಹಾಕಿದ್ದೆ. ಅವನು ಜ್ವರದಲ್ಲಿ ತೀರಿಕೊಂಡು ನಾಲ್ಕು ವರ್ಷವಾದರೂ ಅದರ ಹೊದಿಕೆಯನ್ನು ನಾವು ತೆಗೆದಿರಲಿಲ್ಲ. ತೆಗೆದು ಪೆಟ್ರೋಲ್ ಹಾಕಿದರೆ ಕಾರ್ಬುರೇಟರ್ ಒಂದೇ ಸಮನೆ ಸೋರಿತು. "ಈ ಮಾಡೆಲ್ ನಿಂತೇ ಹೋಗಿದೆ ಸಾರ್, ಆನ್‌ಲೈನಲ್ಲಿ ಸಿಕ್ಕಿದ್ರೆ ನೋಡಿ" ಅಂದ ಮೆಕ್ಯಾನಿಕ್. ಜೀವಮಾನವಿಡೀ ಗಡಿಯಾರ ರಿಪೇರಿ ಮಾಡಿದವನಿಗೆ ಇದ್ಯಾವ ಮಹಾ ಅಂದುಕೊಂಡೆ. ಮೊದಲು ಬಂದದ್ದರ ಬೋಲ್ಟಿನ ತೂತುಗಳು ಕೂಡಲಿಲ್ಲ. ಎರಡನೆಯದರ ಬಾಯಿ ಕೂದಲೆಳೆಯಷ್ಟು ದೊಡ್ಡದು. ಎರಡನ್ನೂ ವಾಪಸ್ ಕಳಿಸಿದೆ.

ಊಟವಾದ ಮೇಲೆ ಫೋನ್ ಹಿಡಿದು ಕಿಟಕಿ ಪಕ್ಕ ಕೂರುವುದು, ಹುಡುಕುತ್ತ ಹುಡುಕುತ್ತ ಜೋಂಪು ಹತ್ತುವುದು ರೂಢಿಯಾಯಿತು. ಯಾರ್ಯಾರದೋ ಗಾಡಿಗಳ ದೀಪ, ಚೈನು, ಕನ್ನಡಿಗಳು ಪರದೆಯ ಬಿಳಿ ಬೆಳಕಿನಲ್ಲಿ ತೇಲಿ ಬರುತ್ತಿದ್ದವು, ಕಣ್ಣು ಮುಚ್ಚಿದರೂ ನಿಲ್ಲುತ್ತಿರಲಿಲ್ಲ. ಒಮ್ಮೆ ಆ ಮಂಪರಿನಲ್ಲಿ ಅವನು ಎಂಜಿನ್ ಆರಿಸಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಇಳಿದು ಬಂದು ಗೇಟಿನ ಹತ್ತಿರ ಕಾಲೂರಿ ನಿಂತ. ಎಚ್ಚರವಾದಾಗ ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತ್ತು.

ಕೊನೆಗೆ ಹಳೇ ಬಿಡಿಭಾಗ ಮಾರುವ ಒಬ್ಬ ಹೆಂಗಸು ಸಿಕ್ಕಿದರು. ಫೋನಿನಲ್ಲೇ ಗದರಿದರು: "ಹೆಸರು ನೋಡಿ ತಗೊಂಡ್ರೆ ಹೀಗೇ ಆಗೋದು. ಎಂಜಿನ್ ನಂಬರ್ ಓದಿ ಹೇಳಿ." ಗಡಿಯಾರದ ಬ್ರಷ್ಷಿನಿಂದ ಜಿಡ್ಡು ಉಜ್ಜಿ, ಭೂತಗನ್ನಡಿ ಹಿಡಿದು ಓದಿದೆ. ಗಾಡಿ ನಾವು ತಿಳಿದದ್ದಕ್ಕಿಂತ ಎರಡು ವರ್ಷ ಹಳೆಯದಂತೆ. ಸೆಕೆಂಡ್ ಹ್ಯಾಂಡ್ ಕೊಂಡಾಗಲೇ ಅವನಿಗೆ ಯಾರೋ ಟೋಪಿ ಹಾಕಿದ್ದಾರೆ. ಅಷ್ಟು ಜಾಣ ನನ್ನ ಮಗ. ಒಬ್ಬನೇ ಕೂತು ನಕ್ಕೆ.

ಸರಿಯಾದದ್ದು ಮೊನ್ನೆ ಬಂತು. ಕೂರಿಸಿದರೆ ಅಳತೆ ತೆಗೆದು ಹೊಲಿದ ಹಾಗೆ ಕೂತಿತು. ಐದನೇ ಕಿಕ್ಕಿಗೆ ಗಾಡಿ ಸ್ಟಾರ್ಟ್ ಆಯಿತು. ನಿಮ್ಮತ್ತೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದಳು. ನನ್ನನ್ನು ನೋಡಿದಳು, ಗೇಟಿನ ಕಡೆ ನೋಡಿದಳು. "ಅದೇ ಸದ್ದು ಕಣ್ರೀ, ಆರಿಸ್ಬೇಡಿ ಇರಿ" ಅಂದಳು. ಪೆಟ್ರೋಲ್ ಮುಗಿಯುವ ತನಕ ಇಬ್ಬರೂ ಮೆಟ್ಟಿಲ ಮೇಲೆ ಕೂತು ಕೇಳಿದೆವು.

ಗಾಡಿ ನಿನ್ನದು. ನಿನಗೆ ಓಡಿಸಲು ಕಲಿಸಿದ್ದೂ ಅವನೇ. ರಜೆ ಸಿಕ್ಕಾಗ ಬಂದು ತಗೊಂಡು ಹೋಗು. ಬಸ್ಸಿಗೆ ಕಾಯುವುದಾದರೂ ತಪ್ಪುತ್ತದೆ.

ಹೊತ್ತು ಹೊತ್ತಿಗೆ ಊಟ ಮಾಡು ತಾಯಿ. ನಮ್ಮಿಬ್ಬರ ಕೈಯೂ ನಿನ್ನ ತಲೆಯ ಮೇಲಿದೆ.

ನಿನ್ನ ಮಾವ

ತಾ.ಕ.: ನಿಜವಾಗಿ ಬರೆಯಬೇಕಾದದ್ದು ಇದು. ಧೈರ್ಯ ಸಾಲದೆ ಇಷ್ಟು ಹೊತ್ತು ಕಾರ್ಬುರೇಟರ್ ಕಥೆ ಹೇಳಿದೆ. ಹೋದ ಕಾಗದದಲ್ಲಿ ನಿಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿರುವ ಒಬ್ಬರ ವಿಷಯ ಬರೆದು, ಆಮೇಲೆ ಹೊಡೆದು ಹಾಕಿದ್ದೀಯ. ಹೊಡೆದು ಹಾಕಿದ್ದನ್ನೂ ಓದಿದೆವು. ಬರುವಾಗ ಅವರನ್ನೂ ಕರೆದುಕೊಂಡು ಬಾ. ನಿಮ್ಮತ್ತೆ ಬೆನ್ನ ಹಿಂದೆ ನಿಂತು, "ಮದುವೆ ನಾವೇ ಮುಂದೆ ನಿಂತು ಮಾಡ್ತೀವಿ ಅಂತ ಬರೀರಿ" ಅನ್ನುತ್ತಿದ್ದಾಳೆ. ಬರೆದಿದ್ದೇನೆ.