ಗೋಡೆಯ ಆಚೆಯ ದನಿ

ಪಕ್ಕದ ಮನೆಯ ಅಜ್ಜಿಗೆ ನಮಸ್ಕಾರಗಳು.

ನಿಮ್ಮ ಕಣ್ಣಿಗೆ ಕಟ್ಟು ಹಾಕಿದ್ದಾರಂತೆ. ಬೆಳಗಾಗುತ್ತಲೇ ಕೆಲಸಕ್ಕೆ ಓಡುವ ನಿಮ್ಮ ಸೊಸೆ ಸಂಜೆ ಇದನ್ನು ಓದಿ ಹೇಳಲಿ.

ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನನಗೆ ಓದು ಮರೆತೇಹೋಗಿತ್ತು. ದಿನಾ ಬೆಳಿಗ್ಗೆ ನೀವು ಇಂಥ ಅಧ್ಯಾಯ ಎಂದು ಹೇಳಿ ಬೈಬಲನ್ನು ಗಟ್ಟಿಯಾಗಿ ಓದುವಾಗ, ಗೋಡೆಯ ಈಚೆ ನಾನೂ ಹೊಲಿಗೆ ಯಂತ್ರದ ಮೇಲೆ ಬೈಬಲ್ ತೆರೆದು, ಸಾಲಿಗೆ ಬೆರಳಿಟ್ಟು ಕೂರುತ್ತಿದ್ದೆ. ಹಾಗೆಯೇ ಓದು ಮರಳಿ ಬಂತು. ನಿಮ್ಮ ಮನೆಯ ಅಜ್ಜ ತೀರಿಕೊಂಡ ಮರುದಿನವೂ ನೀವು ಓದಿದಿರಿ. ದನಿ ನಡುಗಿತು, ಆದರೆ ನಿಲ್ಲಲಿಲ್ಲ.

ಈಗ ನಾಲ್ಕು ದಿನದಿಂದ ಗೋಡೆಯಾಚೆ ಸದ್ದಿಲ್ಲ.

"ಬಾಯಿಗೆ ಬೀಗ ಹಾಕ್ಕೊಂಡಿದ್ದೀಯೇನೇ?" ಎಂದು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಕೇಳುತ್ತಿದ್ದಿರಿ. ಎದುರು ಕೂತು ಓದಲು ಇನ್ನೂ ನಾಚಿಕೆ. ನಾಳೆ ಬೆಳಿಗ್ಗೆ ಆರು ಗಂಟೆಗೆ ಮಂಚವನ್ನು ಗೋಡೆಯ ಹತ್ತಿರ ಸರಿಸಿಕೊಳ್ಳಿ. ಬೈಬಲಿನ ರೂತಳ ಪುಸ್ತಕದ ಎರಡನೇ ಅಧ್ಯಾಯದಲ್ಲಿ ನೀವು ನಿಲ್ಲಿಸಿದ ಕಡೆಯಿಂದ ಗಟ್ಟಿಯಾಗಿ ಓದುತ್ತೇನೆ. ತಪ್ಪಿದರೆ ಗೋಡೆ ತಟ್ಟಿ.

ಇಂತಿ,
ಗೋಡೆಯ ಈಚೆಯ ಹುಡುಗಿ