ಪೆನ್ಸಿಲ್ ಗುರುತಿಲ್ಲದ ಕಾಗದ

ವಕೀಲರಾದ ನಮ್ಮ ಯಜಮಾನರಿಗೆ, ನಿಮ್ಮ ಟೈಪಿಸ್ಟ್ ಮಾಡುವ ನಮಸ್ಕಾರಗಳು.

ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ನಾನು ಪಾಸಾಗಿದ್ದೇನೆ. ಊಟದ ಹೊತ್ತಿನಲ್ಲಿ ಕಡತದ ಕೋಣೆಯ ಬಾಗಿಲು ಹಾಕಿಕೊಂಡು ನಿದ್ದೆ ಹೊಡೆಯುತ್ತೇನೆಂದು ನೀವು ತಮಾಷೆ ಮಾಡುತ್ತಿದ್ದಿರಲ್ಲ, ಒಳಗೆ ಗಡಿಯಾರ ಇಟ್ಟುಕೊಂಡು ಮಾದರಿ ಪ್ರಶ್ನೆಗಳನ್ನು ಬಿಡಿಸುತ್ತಿದ್ದೆ.

ಇನ್ನು ಅರ್ಜಿಯ ಜೊತೆ ಒಂದು ಶಿಫಾರಸು ಪತ್ರ ಬೇಕು. ಇಲ್ಲೊಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಹನ್ನೆರಡು ವರ್ಷದಿಂದ ನಾನು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯೆಲ್ಲ ನೀವು ಓದದೆ ಸಹಿ ಮಾಡುತ್ತಾ ಬಂದಿದ್ದೀರಿ. ಸೋಮವಾರದ ಕಾಗದಗಳ ಅಡಿಯಲ್ಲಿ ನನ್ನ ಶಿಫಾರಸು ಪತ್ರವನ್ನೂ ನಾನೇ ಟೈಪ್ ಮಾಡಿ ಇಟ್ಟಿದ್ದೆ. “ಇದೇ ಕೊನೇದೇನಮ್ಮಾ?” ಎಂದಿರಿ, ಸಹಿ ಹಾಕಿಬಿಟ್ಟಿರಿ. ಅದರಲ್ಲಿ ನನ್ನನ್ನು ನಾನೇ ಹೊಗಳಿ ಅಟ್ಟಕ್ಕೇರಿಸಿಕೊಂಡಿದ್ದೆ.

ಮನೆಯಲ್ಲಿ ಅಮ್ಮನಿಗೆ ಅದನ್ನು ಓದಿ ಹೇಳಿದೆ. “ನಿನ್ ಬಗ್ಗೆ ಅವರು ಇಷ್ಟೆಲ್ಲ ಅಂದ್ರಾ?” ಎಂದು ಕಣ್ಣರಳಿಸಿದಳು. ಆ ಪತ್ರವನ್ನು ಅಲ್ಲೇ ಹರಿದು ಹಾಕಿದೆ.

ಗುರುವಾರ ಕೊನೆಯ ದಿನ. ನೀವೇ ನಾಲ್ಕು ಸಾಲು ಬರೆದುಕೊಟ್ಟರೆ ಸಾಕು. ಬಾಡಿಗೆ ಕರಾರಿನಲ್ಲಿ ಬಿಟ್ಟುಹೋಗಿದ್ದ ಷರತ್ತನ್ನು ನಾನು ಹಿಡಿದದ್ದು ನೆನಪಿದ್ದರೆ ಅದನ್ನೂ ಸೇರಿಸಿ. ಮುಂಗೋಪಿ ಎಂದು ಬರೆದರೂ ಬೇಸರವಿಲ್ಲ. ಅಕ್ಷರ ಮಾತ್ರ ಬಿಡಿಸಿ ಬರೆಯಿರಿ. ನಿಮ್ಮ ಕೈಬರಹ ಓದಲು ಆ ಕಾಲೇಜಿನಲ್ಲಿ ನಾನಿನ್ನೂ ಇಲ್ಲ.

ಈ ಹಾಳೆಯಲ್ಲಿ ಎಲ್ಲೂ ಪೆನ್ಸಿಲ್ ಗುರುತು ಹಾಕಿಲ್ಲ. ಇಲ್ಲಿಯವರೆಗೆ ಬಂದಿದ್ದೀರಿ ಎಂದರೆ ಓದಿಯೇ ಬಂದಿದ್ದೀರಿ. ನನಗೆ ಅಷ್ಟೇ ಧೈರ್ಯ ಸಾಕು.

ಇಂತಿ,
ಬಾಗಿಲ ಪಕ್ಕದ ಮೇಜಿನಲ್ಲಿ ಕಾಯುತ್ತಿರುವ
ನಿಮ್ಮ ಟೈಪಿಸ್ಟ್